ಕಡ್ಡಿ ನೋಡುವ ಮುನ್ನ ಹತ್ತು ನಿಮಿಷ

ಮಾರ್ಚ್ 4

ಗೊಣಗ,

'ಭಾವ' ಎಂದು ಬರೆಯುವ ಕಾಲ ಮುಗಿದು ಆರು ವರ್ಷವಾಯಿತು. ಸ್ಕೂಲಿನಲ್ಲಿ ನಿನಗಿದ್ದ ಹೆಸರೇ ಸಾಕು. ಇವತ್ತು ಬಿಡುಗಡೆಯಾಗುವ ಒಬ್ಬ ಈ ಪತ್ರವನ್ನು ಬನಿಯನ್ನಿನೊಳಗೆ ಇಟ್ಟುಕೊಂಡು ತರುತ್ತಾನೆ. ಜೈಲಿನ ಸಾಹೇಬರ ಕೈಗೆ ಸಿಕ್ಕಿದ್ದರೆ ಅರ್ಧ ಸಾಲೂ ನಿನ್ನನ್ನು ತಲುಪುತ್ತಿರಲಿಲ್ಲ.

ನಿನ್ನೆ ಮಗಳು ನನ್ನನ್ನು ನೋಡಲು ಬಂದಿದ್ದಳು. ಜಾಲರಿಯ ಆಚೆ ನಿಂತು, ಉಗುರು ಕಚ್ಚುತ್ತಾ, "ಅಪ್ಪಾ, ಕಾರನ್ನ ಮಾಮನ ಷೆಡ್ಡಿಗೆ ಎಳೆಸಿಕೊಂಡು ಹೋದೆ" ಎಂದಳು. ಆಸ್ಪತ್ರೆಗೆ ಹೋಗಿ ಬರುವ ರೋಗಿಗಳಿಗೆ ಬಾಡಿಗೆ ಓಡಿಸುತ್ತಾಳಂತೆ. ಎಂಜಿನ್ ಬಿಚ್ಚುತ್ತಿರುವುದು ನೀನಂತೆ. ಕೇಳಿ ನನ್ನ ಮೈಯೆಲ್ಲ ಉರಿಯಿತು. ಊರಿನಲ್ಲಿ ಬೇರೆ ಮೆಕ್ಯಾನಿಕ್ ಸತ್ತುಹೋಗಿದ್ದನೇ?

ಆ ಕಾರಿಗೆ ಎಂಟು ವರ್ಷ ನಾನು ಇಪ್ಪತ್ತು-ಐವತ್ತು ಆಯಿಲ್ ಹಾಕಿಸಿದೆ. ದಪ್ಪ ಆಯಿಲ್, ಎಂಜಿನ್ನು ಕಲ್ಲಿನ ಹಾಗಿತ್ತು. ನೀನು ತಲೆ ತಿಂದು, ಪುಸ್ತಕ ತೋರಿಸಿ, ನೀರಿನಂಥ ಐದು-ಮೂವತ್ತು ಸುರಿದೆ. ಮೂರೇ ತಿಂಗಳು. ನಿನ್ನ ತಂಗಿ ಎದೆ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಒರಗಿದ್ದಾಗ, ಆಸ್ಪತ್ರೆಗೆ ಇನ್ನೂ ಒಂಬತ್ತು ಕಿಲೋಮೀಟರ್ ಇದ್ದಾಗ, ಆಯಿಲ್ ದೀಪ ಕಣ್ಣು ಮಿಟುಕಿಸಿತು. ನಾನು ದಿನವೂ ಆಯಿಲ್ ನೋಡುತ್ತಿದ್ದವನು. ಆವತ್ತೂ ಗಾಡಿ ನಿಲ್ಲಿಸಿ, ಡಿಕ್ಕಿಯಲ್ಲಿದ್ದ ಅರ್ಧ ಲೀಟರ್ ಪೂರ್ತಿ ಸುರಿದು ಹೊರಟೆ. ಅಷ್ಟು ಮಾಡಿದರೂ ಸೇತುವೆಯ ನಡುವೆ ಎಂಜಿನ್ ಕಟಕಟ ಎಂದು ಹಿಡಿದು ನಿಂತಿತು. ನೆತ್ತಿಯ ಮೇಲೆ ಸೂರ್ಯ. ನಲವತ್ತು ನಿಮಿಷ ಕೈ ಅಡ್ಡ ಹಿಡಿದೆ, ಒಬ್ಬನೂ ನಿಲ್ಲಿಸಲಿಲ್ಲ. ಹದಿನಾಲ್ಕರ ಹುಡುಗಿಯ ತೊಡೆಯ ಮೇಲೆ ಅವಳಮ್ಮ ತಣ್ಣಗಾದಳು.

ಮಣ್ಣು ಮಾಡಿ ಬಂದ ಮೂರನೆಯ ದಿನ ನಾನು ನಿನ್ನ ಷೆಡ್ಡಿಗೆ ಬಂದಾಗ ಜಾಕ್ ರಾಡು ನಿನ್ನ ಕೈಯಲ್ಲೇ ಇತ್ತು. ತಪ್ಪು ಮಾಡಿದವನಿಗೆ ನಾನು ಬರುವುದು ಗೊತ್ತಿತ್ತು, ಅದಕ್ಕೇ ಹಿಡಿದು ನಿಂತಿದ್ದೆ. ಅದನ್ನೇ ಕಿತ್ತುಕೊಂಡು ಬಡಿದೆ. ಆ ಬಗ್ಗೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ. ಒಂದು ಕಣ್ಣು ಬಿಟ್ಟದ್ದಕ್ಕೆ ಇದೆ.

ಜುಲೈಯಲ್ಲಿ ಹೊರಗೆ ಬರುತ್ತೇನೆ. ಅಷ್ಟರೊಳಗೆ ನನ್ನ ಕಾರನ್ನು ನನ್ನ ಮನೆ ಮುಂದೆ ತಂದು ನಿಲ್ಲಿಸು. ಇಲ್ಲದಿದ್ದರೆ ಉಳಿದ ಕಣ್ಣಿಗೂ ಕೆಲಸವಿರುವುದಿಲ್ಲ. ಮತ್ತು ಒಂದು ಪ್ರಶ್ನೆಗೆ ಉತ್ತರ ಬರೆ. ಕೋರ್ಟಿನಲ್ಲಿ ವಕೀಲರು ಮೂರು ಸಲ ಕೇಳಿದರು, ಮೂರು ಸಲವೂ ನೀನು ನೆಲ ನೋಡಿದೆ: ಆ ಎಂಜಿನ್ ಯಾಕೆ ಹಿಡಿಯಿತು?

— ನಿನ್ನ ತಂಗಿಯ ಗಂಡ


ಮಾರ್ಚ್ 19

ಹಾರ್ನ್,

ನಿನ್ನ ಪತ್ರ ಬೆವರು ನಾರುತ್ತಾ ಬಂದು ಸೇರಿತು. ಒಂದೇ ಕಣ್ಣಿನಲ್ಲಿ ಓದುವುದರಿಂದ ಎರಡು ದಿನ ಹಿಡಿಯಿತು. ಸ್ಕೂಲಿನಲ್ಲಿ ನಿನಗೆ ಹಾರ್ನ್ ಎಂದು ಹೆಸರಿಟ್ಟವನು ನಾನೇ. ಕಾಗದದ ಮೇಲೂ ಅದೇ ಸದ್ದು ಬರುತ್ತದೆ ಎಂದು ಆಗ ತಿಳಿದಿರಲಿಲ್ಲ.

ನಿನ್ನ ಮಗಳನ್ನು ನಾನು ಕರೆಯಲಿಲ್ಲ. ಅವಳೇ ಬಂದಳು. ನಿನ್ನ ಅಕ್ಕನ ಮನೆ ಬಿಟ್ಟು ನಿಮ್ಮ ಮನೆಯ ಬೀಗ ತೆಗೆಸಿ, ಗುಡಿಸಿ, ಒಬ್ಬಳೇ ಇದ್ದಾಳೆ. ಷೆಡ್ಡಿನ ಬಾಗಿಲಲ್ಲಿ ನಿಂತು, "ಮಾಮ, ನೀವು ಬೇಡ ಅಂದ್ರೆ ಬೇರೆಯವರ ಹತ್ರ ಹೋಗ್ತೀನಿ. ಆದ್ರೆ ನಿಮ್ಮಷ್ಟು ಆ ಎಂಜಿನ್ ಗೊತ್ತಿರೋರು ಯಾರೂ ಇಲ್ಲ" ಎಂದಳು. ನಿಂತ ರೀತಿ ಥೇಟ್ ನನ್ನ ತಂಗಿಯದು. ಒಳಗೆ ಬಾ ಎಂದೆ.

ಆಯಿಲ್ ಬಗ್ಗೆ ಕೇಳಿದ್ದೀಯ. ಕೇಳಿದ್ದಕ್ಕೆ ಹೇಳುತ್ತೇನೆ. ಡಬ್ಬಿಯ ಮೇಲಿನ ಮೊದಲ ಅಂಕಿ, ಎಂಜಿನ್ ತಣ್ಣಗಿರುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ತೋರಿಸುತ್ತದೆ. ಚಿಕ್ಕದಿದ್ದಷ್ಟೂ ಬೇಗ ಹರಿಯುತ್ತದೆ. ಎರಡನೆಯದು, ಕಾದ ಮೇಲೆ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದನ್ನು. ಆ ಸಣ್ಣ ಪೆಟ್ರೋಲ್ ಎಂಜಿನ್ನಿನ ಬೇರಿಂಗಿಗೂ ಅದರೊಳಗೆ ತಿರುಗುವ ದಂಡ ಕ್ರ್ಯಾಂಕಿಗೂ ನಡುವೆ ಇರುವ ಸಂದು ಕೂದಲಿಗಿಂತ ಕಿರಿದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ದಪ್ಪ ಆಯಿಲ್ ಅಲ್ಲಿಗೆ ತಲುಪುವಷ್ಟರಲ್ಲಿ ಲೋಹಕ್ಕೆ ಲೋಹ ತೀಡಿರುತ್ತದೆ. ಅದಕ್ಕೇ ಐದು-ಮೂವತ್ತು. ಕಂಪನಿಯ ಪುಸ್ತಕದಲ್ಲೂ ಅದೇ ಇದೆ. ಆವತ್ತು ಹಾಕಿದ್ದೂ ಅದೇ, ಈಗ ಹಾಕುವುದೂ ಅದೇ. ನಿನ್ನ ಎಂಟು ವರ್ಷದ ಕಲ್ಲಿನಂಥ ಎಂಜಿನ್ನು ಬೆಳಿಗ್ಗೆ ಸ್ಟಾರ್ಟ್ ಆಗುವಾಗ ಕೆಮ್ಮುತ್ತಿದ್ದದ್ದು ಇಡೀ ಬೀದಿಗೆ ಕೇಳಿಸುತ್ತಿತ್ತು.

ಯಾಕೆ ಹಿಡಿಯಿತು ಎಂಬುದಕ್ಕೆ ಉತ್ತರ ಬರೆಯುವುದಿಲ್ಲ. ಮೂರು ಸಲ ನೆಲ ನೋಡಿದವನು ನಾಲ್ಕನೆಯ ಸಲವೂ ನೋಡಬಲ್ಲೆ.

ನಿನಗೆ ಪಶ್ಚಾತ್ತಾಪವಿಲ್ಲ ಎಂದೆ. ಲೆಕ್ಕಕ್ಕೆ ಇರಲಿ ಎಂದು ಬರೆಯುತ್ತೇನೆ: ಎಡಗಣ್ಣು ಇಲ್ಲ. ಎಡಗೈಯ ಎರಡು ಬೆರಳು ಮಡಚುವುದಿಲ್ಲ, ಸ್ಪ್ಯಾನರ್ ಹಿಡಿಯಲು ಮಗ್ಗುಲಿನ ಬೆರಳನ್ನೇ ನಂಬಿದ್ದೇನೆ. ದವಡೆಗೆ ತಂತಿ ಕಟ್ಟಿ ಎರಡು ತಿಂಗಳು ಗಂಜಿ ನೀರು ಕುಡಿದೆ. ಕೆಮ್ಮಿದರೆ ಈಗಲೂ ಪಕ್ಕೆಲುಬು ನಿನ್ನ ಹೆಸರು ಹೇಳುತ್ತದೆ. ಕಾರು ಇಲ್ಲೇ ಇರುತ್ತದೆ.

— ಗೊಣಗ


ಏಪ್ರಿಲ್ 11

ಗೊಣಗ,

ಈ ಪತ್ರ ಸಾಹೇಬರ ಮೇಜು ದಾಟಿ ಬರುತ್ತದೆ. ಓದಲಿ, ಅವರಿಗೂ ಹೊತ್ತು ಹೋಗಬೇಕಲ್ಲ.

ನಿನ್ನಿಂದಾಗಿ ನನ್ನ ಬಿಡುಗಡೆ ಎರಡು ತಿಂಗಳು ಮುಂದೆ ಹೋಯಿತು. ಜುಲೈ ಹೋಗಿ ಸೆಪ್ಟೆಂಬರ್ 14 ಆಗಿದೆ. ನನ್ನ ಬ್ಯಾರಕ್ಕಿನಲ್ಲಿ ಲಾರಿ ಓಡಿಸುತ್ತಿದ್ದವನೊಬ್ಬ ಇದ್ದಾನೆ. ಊಟದ ಸಾಲಿನಲ್ಲಿ ನಿನ್ನ ಪತ್ರದ ಮಾತು ತೆಗೆದೆ, ಎಂಥಾ ಮೂರ್ಖ ನೋಡು ಎಂದು. ಅವನು ತಟ್ಟೆ ಹಿಡಿದುಕೊಂಡೇ, "ಇಲ್ಲ ಕಣಯ್ಯಾ, ಸಣ್ಣ ಪೆಟ್ರೋಲ್ ಗಾಡಿಗೆ ತೆಳು ಆಯಿಲೇ ಸರಿ. ನಿನ್ ಭಾವ ಹೇಳಿರೋದ್ರಲ್ಲಿ ತಪ್ಪೇನಿಲ್ಲ" ಎಂದ. ನನಗೆ ಆಮೇಲೆ ಏನೂ ಕೇಳಿಸಲಿಲ್ಲ. ತಟ್ಟೆ ಕಿತ್ತುಕೊಂಡು ಅದರ ಅಂಚಿನಿಂದಲೇ ಬಾಯಿಗೆ ಬಾರಿಸಿದೆ. ಮುಂದಿನ ಎರಡು ಹಲ್ಲು ಸಾರಿನಲ್ಲಿ ಬಿದ್ದವು. ನಾಲ್ಕು ಜನ ನನ್ನನ್ನು ಎಳೆದು ಗೋಡೆಗೆ ಒತ್ತಿ ಹಿಡಿದಾಗಲೂ ನಾನು ಕಾಲಿನಲ್ಲಿ ಒದೆಯುತ್ತಿದ್ದೆ. ಒಂಟಿ ಕೋಣೆಯಲ್ಲಿ ಹತ್ತು ದಿನ ಹಾಕಿದರು. ಅಲ್ಲಿ ಮಾಡಲು ಬೇರೆ ಕೆಲಸವಿಲ್ಲ, ನಿನ್ನನ್ನು ಹೊಡೆದ ಏಟುಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಹದಿನಾಲ್ಕು ಗಾಯ ಎಂದು ಡಾಕ್ಟರು ಕೋರ್ಟಿನಲ್ಲಿ ಓದಿದರಲ್ಲ, ನನಗೆ ಹನ್ನೊಂದೇ ನೆನಪಿವೆ. ಮೊದಲನೆಯದು ಮೊಣಕೈಗೆ. ಕಣ್ಣಿಗೆ ಬಿದ್ದದ್ದು ಐದನೆಯದು. ಆಗ ನೀನು ಕೂಗಲಿಲ್ಲ. "ಸಾಕು ಕಣೋ" ಎಂದೆ. ಬೈದಿದ್ದರೆ ಬಿಟ್ಟುಬಿಡುತ್ತಿದ್ದೆನೋ ಏನೋ. ಸಾಕು ಎನ್ನಲು ನೀನ್ಯಾರು ಎಂದು ಇನ್ನೂ ಜೋರಾಗಿ ಬಡಿದೆ.

ಮಗಳು ಮೊನ್ನೆ ಬಂದಾಗ, ಕಾರು ಬೇಕಾ ಅಪ್ಪ ಬೇಕಾ ಎಂದು ಕೇಳಿದೆ. ಅವಳು, "ಎರಡೂ ಬೇಕು, ಎರಡಕ್ಕೂ ರಿಪೇರಿ ಇದೆ" ಎಂದಳು. ನಾನು ಜಾಲರಿಗೆ ಗುದ್ದಿದೆ. ಹೆದರಿ ಹಿಂದಕ್ಕೆ ಸರಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಕದಲಲಿಲ್ಲ, ನನ್ನ ಗೆಣ್ಣಿನ ರಕ್ತ ನೋಡುತ್ತಾ ನಿಂತಳು.

ಸೆಪ್ಟೆಂಬರ್ 14ರಂದು ನಾನು ನೇರ ಮನೆಗೆ ಹೋಗುವುದಿಲ್ಲ. ಮೊದಲು ನಿನ್ನ ಷೆಡ್ಡು. ಅಲ್ಲಿಗೆ ಬಂದು ನಿನ್ನನ್ನು ▇▇▇▇▇▇▇▇▇▇▇▇▇▇▇▇▇▇▇▇▇▇▇▇

— ಹಾರ್ನ್


ಮೇ 3

ಹಾರ್ನ್,

ಕೊನೆಯ ಎರಡು ಸಾಲಿಗೆ ಸಾಹೇಬರು ಕಪ್ಪು ಶಾಯಿ ಬಳಿದು ಕಳಿಸಿದ್ದಾರೆ. ಅಡಿಯಲ್ಲಿ ಏನಿತ್ತು ಎಂದು ಊಹಿಸಲು ಎರಡು ಕಣ್ಣು ಬೇಕಾಗಿಲ್ಲ. ನನ್ನವಳು ಆ ಕಪ್ಪು ಪಟ್ಟಿಯನ್ನೇ ಬಹಳ ಹೊತ್ತು ನೋಡಿದಳು. ಮಾರನೆಯ ದಿನವೇ ಬೆಸುಗೆಯವನನ್ನು ಕರೆಸಿ ಷೆಡ್ಡಿನ ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಅಗುಳಿ ಹಾಕಿಸಿದಳು. "ಸೆಪ್ಟೆಂಬರ್ ಬರೋದ್ರೊಳಗೆ ಬೇರೆ ಊರಿಗೆ ಹೋಗೋಣ" ಎನ್ನುತ್ತಾಳೆ. ಹೋಗುವುದಿಲ್ಲ ಎಂದೆ. "ಹಾಗಾದ್ರೆ ಅವನು ಕೇಳಿದ್ದಕ್ಕೆ ಉತ್ತರ ಬರೆದು ಬಿಸಾಕಿ. ಯಾರನ್ನ ಉಳಿಸೋಕೆ ಬಾಯಿ ಮುಚ್ಚಿಕೊಂಡಿದ್ದೀರ?" ಎಂದು ಪಾತ್ರೆ ಕುಕ್ಕಿದಳು. ಅವಳಿಗೆ ಎಲ್ಲ ಗೊತ್ತು. ನನ್ನ ಮೇಲೆ ಆಣೆ ಇಡಿಸಿಕೊಂಡಿದ್ದರಿಂದ ಸುಮ್ಮನಿದ್ದಾಳೆ.

ಆ ಲಾರಿಯವನಿಗೆ ನನ್ನ ನಮಸ್ಕಾರ ತಿಳಿಸು. ಹಲ್ಲು ಹೋದರೂ ಮಾತು ಸರಿಯಾಗಿ ಆಡಿದ್ದಾನೆ.

ಎಂಜಿನ್ ಪೂರ್ತಿ ಬಿಚ್ಚಿದ್ದಾಯಿತು. ಕ್ರ್ಯಾಂಕಿಗೆ ಬೇರಿಂಗ್ ಅಂಟಿ ಕರಗಿ ಒಂದಾಗಿತ್ತು. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು ಬಿಡಿಸಬೇಕಾಯಿತು. ನಿನ್ನ ಮಗಳು ಉಳಿ ಹಿಡಿದಿದ್ದಳು, ನಾನು ಹೊಡೆದೆ. ಒಂದು ಕಣ್ಣಿನವನಿಗೆ ದೂರದ ಅಂದಾಜು ಸಿಗುವುದಿಲ್ಲ, ಮೂರನೆಯ ಏಟು ಅವಳ ಹೆಬ್ಬೆರಳಿನ ಪಕ್ಕ ಬಿತ್ತು. ಕೈ ತೆಗೆಯಲೇ ಇಲ್ಲ ಪುಣ್ಯಾತ್ಗಿತ್ತಿ. "ಹೊಡೀರಿ ಮಾಮ" ಎಂದಳು. ಆ ಕ್ಷಣ ನಾನು ಸುತ್ತಿಗೆ ಕೆಳಗಿಟ್ಟು ಹೊರಗೆ ಹೋಗಿ ಕೂತೆ. ನೀನು ಯಾವ ಕೈಯಿಂದ ನನ್ನನ್ನು ಹೊಡೆದೆಯೋ, ಅದರಷ್ಟೇ ಕೆಟ್ಟ ಕೈ ನನಗೂ ಇದೆ ಎಂಬುದು ನಿನಗೆ ಗೊತ್ತಿಲ್ಲ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಆಯಿಲ್ ತರಲು ಅವಳನ್ನೇ ಅಂಗಡಿಗೆ ಕಳಿಸಿದೆ. ಅಂಗಡಿಯವನು ಹೆಣ್ಣುಮಗಳು ಎಂದು ನೋಡಿ, ಟ್ರಕ್ಕಿನ ಚಿತ್ರವಿದ್ದ ಡೀಸೆಲ್ ಆಯಿಲ್ ಹಿಡಿಸಿ, "ದಪ್ಪ ಇದ್ರೆ ಗಟ್ಟಿ ಬರುತ್ತಮ್ಮಾ" ಎಂದನಂತೆ. ನೀನೇ ಅಲ್ಲಿ ನಿಂತಿದ್ದೆಯೇನೋ. ಅವಳು ಪುಸ್ತಕದ ಹಾಳೆ ಕೌಂಟರಿನ ಮೇಲೆ ಬಿಡಿಸಿಟ್ಟು, ಐದು-ಮೂವತ್ತು, ಪೆಟ್ರೋಲಿನದು, ಮೂರು ಲೀಟರ್ ಎಂದು ಮೂರು ಸಲ ಓದಿದಳಂತೆ. ಕೊನೆಗೆ ಸರಿಯಾದ ಡಬ್ಬಿ ತಂದಳು.

— ಗೊಣಗ


ಜೂನ್ 8

ಅಪ್ಪಾ,

ನಾನು ಪತ್ರ ಬರೆಯುವವಳಲ್ಲ, ನಿನಗೇ ಗೊತ್ತು. ಆದರೆ ಜಾಲರಿಯ ಮುಂದೆ ನಿಂತರೆ ನೀನು ನನಗೆ ಮಾತಾಡಲು ಬಿಡುವುದಿಲ್ಲ.

ಮೊನ್ನೆ ಕಾರು ಸ್ಟಾರ್ಟ್ ಆಯಿತು. ಆರು ವರ್ಷದ ಮೇಲೆ. ನಾನು ಅಳಲಿಲ್ಲ, ಅತ್ತದ್ದು ಮಾಮ. ಕಣ್ಣಿಲ್ಲದ ಕಡೆಯಿಂದಲೂ ನೀರು ಬರುತ್ತದೆ ಅಪ್ಪಾ, ನನಗೆ ಗೊತ್ತಿರಲಿಲ್ಲ.

ಈ ಪತ್ರ ಬರೆಯುತ್ತಿರುವುದು ಅದಕ್ಕಲ್ಲ. ಆಯಿಲ್ ನೋಡುವುದು ಹೇಗೆ ಎಂದು ಮಾಮ ಹೇಳಿಕೊಟ್ಟದ್ದನ್ನು ನಿನಗೆ ಬರೆಯಬೇಕು ಅನ್ನಿಸಿತು. ಕಾರನ್ನು ಮನೆಗೆ ತಂದು, ನೀನು ನಿಲ್ಲಿಸುತ್ತಿದ್ದ ಹಾಗೆಯೇ ಬಾಗಿಲ ಮುಂದಿನ ಏರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿದೆ. ಇಳಿದ ತಕ್ಷಣ ಬಾನೆಟ್ ಎತ್ತಿ ಆಯಿಲ್ ಮಟ್ಟ ತೋರಿಸುವ ಕಡ್ಡಿ ಎಳೆದು ನೋಡಿದೆ. ನೀನು ದಿನಾ ಹಾಗೇ ಮಾಡುತ್ತಿದ್ದೆಯಲ್ಲ, ನಾನು ಚಿಕ್ಕವಳಿದ್ದಾಗ ಒರೆಸುವ ಬಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದೆನಲ್ಲ. ಕಡ್ಡಿಯಲ್ಲಿ ಆಯಿಲ್ ಕೆಳಗಿನ ಗೆರೆಗಿಂತ ಕೆಳಗಿತ್ತು. ನಾನು ಡಬ್ಬಿ ತಂದು ಅರ್ಧ ಲೀಟರ್ ಸುರಿದೆ.

ಅಷ್ಟರಲ್ಲಿ ಮಾಮ ಬಂದರು. ಖಾಲಿ ಡಬ್ಬಿ ನೋಡಿ ಅವರು ಕೂಗಿದ ಕೂಗಿಗೆ ಬೀದಿಯವರೆಲ್ಲ ಹೊರಗೆ ಬಂದರು. ನನ್ನ ರಟ್ಟೆ ಹಿಡಿದು ಗೋಡೆಯ ತನಕ ತಳ್ಳಿದರು. ಅವರು ಸಿಟ್ಟಿನಲ್ಲಿ ನನ್ನ ಮೈ ಮುಟ್ಟಿದ್ದು ಅದೇ ಮೊದಲು. ಆಮೇಲೆ ಕೈ ಬಿಟ್ಟು, ತಮ್ಮ ಕೈಯನ್ನೇ ನೋಡಿಕೊಂಡು, "ಕಾರನ್ನ ಮೊದಲು ಈ ಏರಿನಿಂದ ಇಳಿಸು" ಎಂದರು. ಶಾಲೆಯ ಗೋಡೆ ಪಕ್ಕದ ಸಮತಟ್ಟು ರಸ್ತೆಗೆ ತಂದೆ. "ಆಫ್ ಮಾಡಿ ಹತ್ತು ನಿಮಿಷ ಸುಮ್ನೆ ಕೂತ್ಕೊ. ಆಯಿಲ್ ಎಲ್ಲಾ ಮೇಲಿರುತ್ತೆ, ಕೆಳಗಿಳೀಬೇಕು" ಎಂದರು. ಹತ್ತು ನಿಮಿಷದ ಮೇಲೆ ಒರೆಸಿ, ಅದ್ದಿ, ತೆಗೆದರೆ ಆಯಿಲ್ ಮೇಲಿನ ಗೆರೆಯನ್ನೂ ದಾಟಿ ಒಂದು ಬೆರಳು ಮೇಲಿತ್ತು. ಹೊಸ ತೆಳು ಆಯಿಲ್ ಕಡ್ಡಿಯ ಮೇಲೆ ಕಣ್ಣಿಗೆ ಕಾಣುವುದೂ ಕಷ್ಟ, ಬೆಳಕಿಗೆ ಓರೆ ಹಿಡಿದು ನೋಡಬೇಕು.

ಹೆಚ್ಚಾದರೆ ಏನಾಗುತ್ತೆ ಮಾಮ, ಒಳ್ಳೆಯದೇ ಅಲ್ವಾ ಎಂದು ಕೇಳಿದೆ. ಅವರು ಒಂದು ಗಾಜಿನ ಬಾಟಲಿಗೆ ಆಯಿಲ್ ಹಾಕಿ, ಚೀಲದಲ್ಲಿದ್ದ ಬ್ಯಾಟರಿ ಡ್ರಿಲ್ಲಿನ ತುದಿಗೆ ಕಂಬಿ ಸಿಕ್ಕಿಸಿ ತಿರುಗಿಸಿದರು. ಅರ್ಧ ನಿಮಿಷದಲ್ಲಿ ಬಾಟಲಿ ತುಂಬ ನೊರೆ. "ಮಟ್ಟ ಜಾಸ್ತಿ ಆದ್ರೆ ಕ್ರ್ಯಾಂಕು ಹೀಗೆ ಕಡೆಯುತ್ತೆ. ಪಂಪು ಆಯಿಲ್ ಎಳೆಯೋ ಬದಲು ಗಾಳಿ ಎಳೆಯುತ್ತೆ. ಒಳಗೆಲ್ಲಾ ಒಣಗಿ ಹಿಡ್ಕೊಳ್ಳುತ್ತೆ" ಎಂದರು. "ಆಗ ಆಯಿಲ್ ದೀಪ ಹತ್ತುತ್ತಾ?" ಎಂದೆ. "ಹತ್ತುತ್ತೆ" ಎಂದರು. ನನ್ನ ಕೈಯಲ್ಲಿದ್ದ ಕಡ್ಡಿ ಕೆಳಗೆ ಬಿತ್ತು.

ಆವತ್ತು ಹಿಂದಿನ ಸೀಟಿನಲ್ಲಿ ನಾನೂ ಇದ್ದೆ ಅಪ್ಪಾ. ನೀನು ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದ್ದು, ಡಬ್ಬಿ ತಲೆಕೆಳಗು ಮಾಡಿ ಕೊನೆಯ ಹನಿಯ ತನಕ ಸುರಿದದ್ದು ನನಗೆ ನೆನಪಿದೆ. ಅಮ್ಮ ನನ್ನ ಕೈ ಹಿಸುಕಿ, "ಬೇಗ ಬರೋಕೆ ಹೇಳೇ" ಎಂದಿದ್ದೂ ನೆನಪಿದೆ.

ಊಟ ಸರಿಯಾಗಿ ಮಾಡು. ಯಾರ ಮೇಲೂ ಕೈ ಎತ್ತಬೇಡ.

— ನಿನ್ನ ಮಗಳು


ಜುಲೈ 21

ಭಾವ,

ಒಂದೂವರೆ ತಿಂಗಳಿನಿಂದ ಈ ಹಾಳೆ ನನ್ನ ಹಾಸಿಗೆಯಡಿ ಇದೆ. ಮೊದಲ ಪದ ಬರೆಯಲು ಇಷ್ಟು ದಿನ ಬೇಕಾಯಿತು.

ಮಗಳ ಪತ್ರ ಓದಿದೆ. ಅದನ್ನು ಮೊದಲ ಸಲ ಓದಿದಾಗ ಹರಿದು ಹಾಕಿದೆ. ಆಮೇಲೆ ಚೂರು ಆಯ್ದು ಅನ್ನದಿಂದ ಅಂಟಿಸಿ ಮತ್ತೆ ಓದಿದೆ. ನಮ್ಮ ಬಾಗಿಲ ಮುಂದಿನ ಏರು. ದಿನಾ ಸಂಜೆ ಗಾಡಿ ಅಲ್ಲಿಗೆ ಹತ್ತಿಸಿ, ಎಂಜಿನ್ ಇನ್ನೂ ಕಾದಿರುವಾಗಲೇ ಕಡ್ಡಿ ಎಳೆಯುತ್ತಿದ್ದೆ. ದಿನಾ ಕಡಿಮೆ ಕಾಣುತ್ತಿತ್ತು. ತೆಳು ಆಯಿಲ್, ಉರಿದು ಹೋಗುತ್ತಿದೆ, ಭಾವನನ್ನು ನಂಬಿ ಕೆಟ್ಟೆ ಎಂದು ಬೈದುಕೊಂಡು ಒಂದಷ್ಟು ಸುರಿಯುತ್ತಿದ್ದೆ. ಮೂರು ತಿಂಗಳು. ಆವತ್ತು ದಾರಿಯಲ್ಲಿ ಕಡ್ಡಿ ಕೂಡ ನೋಡಲಿಲ್ಲ, ದೀಪ ನೋಡಿ ಅರ್ಧ ಲೀಟರ್ ಸುರಿದೆ.

ಎಂಜಿನ್ ಬಿಚ್ಚುವ ಮೊದಲು ನೀನು ಆಯಿಲ್ ಇಳಿಸಿರುತ್ತೀಯ. ನೀನು ಅಳೆಯದೆ ಚೆಲ್ಲುವವನಲ್ಲ.

ಎಷ್ಟು ಬಂತು? ಒಂದೇ ಒಂದು ಅಂಕಿ ಬರೆ. ಬೇರೇನೂ ಬರೆಯಬೇಡ.


ಆಗಸ್ಟ್ 6

ಹಾರ್ನ್,

ನಾಲ್ಕೂಮುಕ್ಕಾಲು ಲೀಟರ್. ಮೂರು ಇರಬೇಕಿತ್ತು.

ಬೇರೇನೂ ಬರೆಯಬೇಡ ಎಂದೆ, ಆದರೆ ಆರು ವರ್ಷ ನೆಲ ನೋಡಿ ಕತ್ತು ನೋಯುತ್ತಿದೆ. ಬರೆದೇ ಬಿಡುತ್ತೇನೆ.

ನನ್ನ ತಂಗಿಯನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಬೆಳಿಗ್ಗೆ, ಸೇತುವೆಯಿಂದ ಷೆಡ್ಡಿಗೆ ಎಳೆಸಿ ತಂದಿದ್ದ ಕಾರಿನ ಆಯಿಲ್ ಇಳಿಸಲು ನಾನು ಡ್ರೈನ್ ನಟ್ಟು ಸಡಿಲಿಸಿದೆ; ಕಾರನ್ನು ನಿನ್ನ ಮನೆಗೆ ಸಾಗಿಸಿದ್ದು ಆಮೇಲೆ. ಕೆಳಗಿಟ್ಟಿದ್ದ ತಟ್ಟೆ ತುಂಬಿ ನೆಲಕ್ಕೆ ಹರಿಯತೊಡಗಿತು. ಹರಿಯುತ್ತಲೇ ಇತ್ತು. ಇನ್ನೊಂದು ಡಬ್ಬಿ ತಂದು ಹಿಡಿದೆ. ಅಳೆದೆ. ಎರಡು ಸಲ ಅಳೆದೆ. ನನಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಿನ್ನ ಮನೆ ಮುಂದಿನ ಏರು, ನಿನ್ನ ಅವಸರ, ನಿನ್ನ ಅತಿ ಪ್ರೀತಿ ಎಲ್ಲ ನನಗೆ ಗೊತ್ತು. ಆಗ ನಾನು ಮೂಲೆಯಲ್ಲಿದ್ದ ಜಾಕ್ ರಾಡು ಎತ್ತಿಕೊಂಡೆ.

ನೀನು ಬರುತ್ತೀಯ ಎಂದು ಹೆದರಿ ಹಿಡಿದಿರಲಿಲ್ಲ ಹಾರ್ನ್. ನಿನ್ನ ಮನೆಗೆ ಹೊರಟಿದ್ದೆ. ನಿನ್ನ ತಲೆ ಒಡೆಯಲು ಹೊರಟಿದ್ದೆ. ಒಂದೇ ಏಟಿಗೆ ಹೇಗೆ ಹೊಡೆಯಬೇಕು ಎಂದು ಯೋಚಿಸುತ್ತಾ ಬಾಗಿಲಿಗೆ ಬಂದೆ, ನೀನು ಎದುರಿಗೆ ನಿಂತಿದ್ದೆ. ನಿನ್ನ ಮುಖ ನೋಡಿದೆ. ಮೂರು ದಿನದಿಂದ ನೀನು ಏನೂ ತಿಂದಿರಲಿಲ್ಲ, ಅಂಗಿ ಅದೇ ಇತ್ತು, ಅವಳ ಬಾಯಿಯ ನೊರೆಯ ಕಲೆ ಹೆಗಲ ಮೇಲೆ ಹಾಗೇ ಇತ್ತು. ನನ್ನ ಕೈ ಒಂದು ಗಳಿಗೆ ತಡವಾಯಿತು. ನೀನು ಕಿತ್ತುಕೊಂಡೆ. ಆ ಗಳಿಗೆ ನನ್ನ ಮುಖದಲ್ಲೂ ಕೊಲೆ ಇದ್ದದ್ದನ್ನು ನೀನು ಕಂಡಿರಬೇಕು, ಅದಕ್ಕೇ ಅಷ್ಟು ಜೋರಾಗಿ ಹೊಡೆದೆ.

ಕೋರ್ಟಿನಲ್ಲಿ ಯಾಕೆ ಹೇಳಲಿಲ್ಲ ಎನ್ನುತ್ತೀಯ. ಬೆಂಚಿನ ಮೇಲೆ ನಿನ್ನ ಮಗಳು ಕೂತಿದ್ದಳು. ಅಮ್ಮನನ್ನು ಕಳೆದುಕೊಂಡವಳಿಗೆ, ಕೊಂದದ್ದು ನಿನ್ನ ಅಪ್ಪನ ಕೈ ಎಂದು ಹೇಗೆ ಹೇಳಲಿ? ಅದು ಒಂದು ಕಾರಣ. ನನ್ನನ್ನು ದೇವರಂಥವನು ಎಂದುಕೊಳ್ಳಬೇಡ, ಇನ್ನೊಂದೂ ಇದೆ. ಹೇಳದೆ ಇಟ್ಟುಕೊಳ್ಳುವುದರಲ್ಲಿ ನನಗೆ ಒಂದು ಸುಖವಿತ್ತು. ಯಾವತ್ತು ಬೇಕಾದರೂ ಒಂದೇ ಮಾತಿನಿಂದ ನಿನ್ನನ್ನು ಮುಗಿಸಬಲ್ಲೆ ಎಂಬ ಸುಖ. ಮೊದಲ ಎರಡು ವರ್ಷ ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಆ ಗುಳಿ ಬಿದ್ದ ಕಣ್ಣು ನೋಡಿ, ಇವನು ಹೊರಗೆ ಬರುವ ದಿನ ಗೇಟಿನಲ್ಲೇ ಹೇಳಿ ಸಾಯಿಸುತ್ತೇನೆ ಎಂದುಕೊಳ್ಳುತ್ತಿದ್ದೆ.

ಕೊನೆಗೆ ನನ್ನ ಪಾಲು. ಆಯಿಲ್ ಬದಲಿಸಿದ ದಿನ ನಿನಗೆ ನಾನೇ ಹೇಳಿದ್ದೆ: "ತೆಳು ಆಯಿಲ್ ಕಣೋ, ಆಗಾಗ ನೋಡ್ಕೋತಿರು." ಹೇಗೆ ನೋಡಬೇಕು ಎಂದು ಹೇಳಲಿಲ್ಲ. ಎಂಟು ವರ್ಷ ಗಾಡಿ ಓಡಿಸಿದವನಿಗೆ ಕಡ್ಡಿ ನೋಡುವುದು ಹೇಳಿಕೊಡಬೇಕೇ ಎಂದುಕೊಂಡೆ. ಹತ್ತು ನಿಮಿಷ ಎಂಬ ಎರಡು ಪದ ಹೇಳಿದ್ದರೆ ನನ್ನ ತಂಗಿ ಇರುತ್ತಿದ್ದಳು. ನನ್ನ ಕಣ್ಣಿಗಿಂತ ಅದು ಹೆಚ್ಚು ನೋಯುತ್ತದೆ.

— ಗೊಣಗ


ಆಗಸ್ಟ್ 29

ಭಾವ,

ನಿನ್ನ ಪತ್ರ ಬಂದ ದಿನ ಮರಗೆಲಸದ ಕೋಣೆಯಲ್ಲಿ ನನ್ನ ಬಲಗೈಯನ್ನು ಬಡಗಿಯ ಮೇಜಿನ ಮೇಲಿಟ್ಟು ಎಡಗೈಯಲ್ಲಿ ಸುತ್ತಿಗೆ ಎತ್ತಿದೆ. ಡಬ್ಬಿ ಹಿಡಿದದ್ದು ಅದೇ ಕೈ, ರಾಡು ಹಿಡಿದದ್ದೂ ಅದೇ. ಎರಡು ಏಟು ಬಿದ್ದವು, ಮೂರನೆಯದಕ್ಕೆ ಯಾರೋ ಹಿಂದಿನಿಂದ ತಬ್ಬಿ ಹಿಡಿದರು. ತಿರುಗಿ ನೋಡಿದರೆ ಲಾರಿಯವನು. ನನ್ನ ಕೈಯಲ್ಲಿ ಹಲ್ಲು ಮುರಿಸಿಕೊಂಡವನು. "ಬಿಡೋ, ನನಗೆ ಹೊಡಿ ಬೇಕಾದ್ರೆ" ಎಂದೆ. ಅವನು ನಿಜಕ್ಕೂ ಹೊಡೆದ. ಹಲ್ಲಿಲ್ಲದ ಬಾಯಲ್ಲಿ ಬೈಯುತ್ತಾ ಕೆನ್ನೆಗೆ, ಹೊಟ್ಟೆಗೆ, ಬೆನ್ನಿಗೆ ಹೊಡೆದ. ನಾನು ಕೈ ಎತ್ತಲಿಲ್ಲ. ಒಂದೊಂದನ್ನೂ ಎಣಿಸಿದೆ. ಒಂಬತ್ತಕ್ಕೆ ಅವನೇ ಸುಸ್ತಾಗಿ ಪಕ್ಕದಲ್ಲಿ ಕೂತು ಅತ್ತ. ಕಾವಲಿನವರು ಬಂದು ಕೇಳಿದಾಗ, ಮೇಜಿನಿಂದ ಬಿದ್ದೆ ಎಂದು ಹೇಳಿದೆ. ಈ ಪತ್ರ ಮತ್ತೆ ಬನಿಯನ್ನಿನೊಳಗೇ ಬರುತ್ತದೆ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೀಗಿರುವುದಕ್ಕೆ ಅದೇ ಕಾರಣ.

ಹದಿನಾಲ್ಕಕ್ಕೆ ಇನ್ನೂ ಐದು ಉಳಿದಿವೆ. ಅವನ್ನು ನೀನು ಹೊಡೆಯಬೇಕು. ಹದಿನಾಲ್ಕನೆಯ ತಾರೀಖು ಷೆಡ್ಡಿಗೇ ಬರುತ್ತೇನೆ. ರಾಡು ಇಟ್ಟಿರು. ಅಗುಳಿ ಹಾಕಿಕೊಳ್ಳಬೇಕಾಗಿಲ್ಲ ಎಂದು ಅತ್ತಿಗೆಗೆ ಹೇಳು.

ಆರು ವರ್ಷ ನಾನು ಈ ಗೋಡೆಯೊಳಗೆ ನೆಮ್ಮದಿಯಾಗಿ ನಿದ್ದೆ ಮಾಡಿದ್ದೇನೆ ಭಾವ. ಅವಳನ್ನು ಕೊಂದವನಿಗೆ ಶಿಕ್ಷೆ ಕೊಟ್ಟು ಬಂದೆ ಎಂಬ ನೆಮ್ಮದಿ. ಅದನ್ನೂ ನೀನೇ ಕಾಪಾಡಿಕೊಂಡು ಬಂದಿದ್ದೆ.

ಒಂದು ಮಾತು ಹೇಳು. ಅವಳಿಗೆ, ಮಗಳಿಗೆ, ಪೂರ್ತಿ ಗೊತ್ತಾ? ಗೊತ್ತಿದ್ದರೆ ನಾನು ಗೇಟಿನ ಹೊರಗೆ ಹೆಜ್ಜೆ ಇಡುವುದಿಲ್ಲ. ಇಲ್ಲೇ ಇನ್ನೊಬ್ಬನ ಹಲ್ಲು ಮುರಿದು ಇನ್ನೊಂದಿಷ್ಟು ವರ್ಷ ಉಳಿದುಬಿಡುತ್ತೇನೆ. ಅವಳ ಮುಖ ನೋಡುವುದಕ್ಕಿಂತ ಅದು ಸುಲಭ.

— ಹಾರ್ನ್


ಸೆಪ್ಟೆಂಬರ್ 9

ಹಾರ್ನ್,

ಎಡಗೈ ಅಕ್ಷರ ಬಲಗೈಯದಕ್ಕಿಂತ ಚೆನ್ನಾಗಿದೆ. ಅದನ್ನೇ ರೂಢಿಸಿಕೊ.

ಅವಳಿಗೆ ಗೊತ್ತು. ಪೂರ್ತಿ ಗೊತ್ತು. ಆವತ್ತು ಇಳಿಸಿದ ಆಯಿಲನ್ನು ನಾನು ಚೆಲ್ಲಿರಲಿಲ್ಲ, ತಾರೀಖು ಬರೆದು ಷೆಡ್ಡಿನ ಅಟ್ಟದ ಮೇಲೆ ಇಟ್ಟಿದ್ದೆ. ಯಾಕೆ ಇಟ್ಟೆ ಎಂದು ಹಿಂದಿನ ಪತ್ರದಲ್ಲಿ ಹೇಳಿದ್ದೇನೆ. ಹೋದ ವಾರ ಅವಳು ಹಳೆಯ ಟೈರ್ ಹುಡುಕಲು ಹತ್ತಿದವಳು ಡಬ್ಬಿ ಹಿಡಿದುಕೊಂಡು ಇಳಿದಳು. "ಇದರಲ್ಲಿ ಎಷ್ಟಿದೆ ಮಾಮ?" ಎಂದಳು. ಮೂರು ಲೀಟರ್ ಎಂದೆ. ನನ್ನ ಮುಖವನ್ನೇ ನೋಡಿ, "ಸುಳ್ಳು ಹೇಳೋಕೂ ಎರಡು ಕಣ್ಣು ಬೇಕು" ಎಂದಳು. ಒಂದು ಲೀಟರಿನ ಅಳತೆಗೆ ತಾನೇ ಸುರಿದು ಸುರಿದು ಅಳೆದಳು. ನಾಲ್ಕು ಸಲ ತುಂಬಿತು, ಐದನೆಯದು ಮುಕ್ಕಾಲಿಗೆ ನಿಂತಿತು. ಆಮೇಲೆ ಅಷ್ಟನ್ನೂ ಹಳೆ ಆಯಿಲಿನ ಡ್ರಮ್ಮಿಗೆ ಸುರಿದು, ಖಾಲಿ ಡಬ್ಬಿಯನ್ನು ನೆಲಕ್ಕೆ ಹಾಕಿ, ಸುತ್ತಿಗೆ ತಗೊಂಡು ಚಪ್ಪಟೆಯಾಗುವ ತನಕ ಬಡಿದಳು. ನಾನು ತಡೆಯಲಿಲ್ಲ. ನಮ್ಮ ಮನೆತನದ ಕೈ, ನಿಮ್ಮ ಮನೆತನದ ಕೈ, ಎರಡೂ ಅವಳಲ್ಲಿವೆ. ಡಬ್ಬಿಯ ಮೇಲೆ ಮುಗಿಯಲಿ ಎಂದು ಬಿಟ್ಟೆ. ಬಡಿದು ಮುಗಿದ ಮೇಲೆ ಕೈ ತೊಳೆದು, "ಹದಿನಾಲ್ಕನೇ ತಾರೀಖು ಅಪ್ಪನ್ನ ಕರ್ಕೊಂಡು ಬರೋಕೆ ಹೋಗ್ತೀನಿ" ಎಂದಳು.

ಆದ್ದರಿಂದ ಯಾರ ಹಲ್ಲನ್ನೂ ಮುಟ್ಟಬೇಡ. ನಾನು ನಿನ್ನನ್ನು ಕ್ಷಮಿಸಿಲ್ಲ, ಕ್ಷಮಿಸುತ್ತೇನೋ ಇಲ್ಲವೋ ಗೊತ್ತಿಲ್ಲ. ನೀನೂ ನನ್ನನ್ನು ಕ್ಷಮಿಸಬೇಕಾಗಿಲ್ಲ. ಆ ಐದು ಏಟನ್ನೂ ಹೊಡೆಯುವುದಿಲ್ಲ, ಅಷ್ಟು ಸುಲಭವಾಗಿ ನಿನ್ನನ್ನು ಬಿಡಲು ನನಗೆ ಇಷ್ಟವಿಲ್ಲ. ನಿನಗೆ ಅವಳ ಮುಖ ನೋಡುವುದು ಕಷ್ಟ ತಾನೇ? ನೋಡು. ದಿನಾ ನೋಡು.

ಅವಳು ಬೆಳಿಗ್ಗೆ ಹತ್ತಕ್ಕೆ ಗೇಟಿನ ಎದುರಿನ ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ, ಆಫ್ ಮಾಡಿ, ಹತ್ತು ನಿಮಿಷ ಕಾದು ಕಡ್ಡಿ ನೋಡುತ್ತಾಳೆ. ಆಮೇಲೆ ಹೊರಡುತ್ತಾಳೆ, ನೀನು ಬಂದಿದ್ದರೂ ಸರಿ, ಬಾರದಿದ್ದರೂ ಸರಿ. ಆಯಿಲ್ ಯಾವುದು ಎಂದು ಕೇಳಬೇಡ. ಬಾನೆಟ್ ಮುಟ್ಟಬೇಡ. ಹಿಂದಿನ ಸೀಟಿನಲ್ಲಿ ಎಡಗಡೆ ಕೂತುಕೊ, ನನ್ನ ತಂಗಿ ಒರಗಿದ್ದ ಜಾಗದಲ್ಲಿ. ಮುಂದಿನ ಸೀಟಿನಲ್ಲಿ ನಾನಿರುತ್ತೇನೆ. ಜಾಕ್ ರಾಡು ನನ್ನ ಕಾಲ ಬಳಿ ಇರುತ್ತದೆ, ದಾರಿಯಲ್ಲಿ ಟೈರ್ ಪಂಕ್ಚರ್ ಆದರೆ ಬೇಕಲ್ಲ.

ಮನೆಗೆ ಬರಲು ಬೇರೆ ದಾರಿ ಇದೆ, ಸುತ್ತು. ಅದರಲ್ಲಿ ಬರೋಣವೇ ಎಂದು ಕೇಳಿದೆ. ಸೇತುವೆಯ ಮೇಲೇ ಬರುತ್ತೇನೆ ಎಂದಿದ್ದಾಳೆ. ನಡುವೆ ಎಲ್ಲೂ ನಿಲ್ಲಿಸುವುದಿಲ್ಲವಂತೆ, ದೀಪ ಹತ್ತುವುದಿಲ್ಲ ಎಂದು ಅವಳಿಗೆ ಗೊತ್ತಂತೆ. ದಾಟುವ ತನಕ ನಾವಿಬ್ಬರೂ ಬಾಯಿ ಮುಚ್ಚಿಕೊಂಡು ಕೂರಬೇಕಂತೆ.

— ನಿನ್ನ ಭಾವ